ಹನ್ನೊಂದು ಮೊಟ್ಟೆ, ಐದು ಗೊಡ್ಡು

ಜೂನ್ 2

ಏನಂತ ಕರೆದು ಶುರು ಮಾಡಲಿ? 'ಪ್ರೀತಿಯ ಸೊಸೆಗೆ' ಅಂತ ಬರೆದು ಹೊಡೆದು ಹಾಕಿದೆ. ಕೋರ್ಟಿನ ಕಾಗದ ಬಂದು ವರ್ಷವಾಯಿತು, ಈಗ ನೀನು ನನ್ನ ಸೊಸೆಯಲ್ಲ. ಹೆಸರು ಹಿಡಿದು ಕರೆಯೋಣವೆಂದರೆ ಆರು ವರ್ಷದಲ್ಲಿ ಒಮ್ಮೆಯೂ ಹಾಗೆ ಕರೆದವಳಲ್ಲ, 'ಏ, ಬಾ ಇಲ್ಲಿ' ಅಂತಲೇ ಕರೆದದ್ದು. ಆದ್ದರಿಂದ ನೇರ ವಿಷಯಕ್ಕೆ ಬರುತ್ತೇನೆ. ನಿನ್ನ ಕೋಳಿಗಳು ಕೆಟ್ಟಿವೆ.

ನೀನು ಬಿಟ್ಟುಹೋದ ಆರು ಹೇಂಟೆಗಳಲ್ಲಿ ಈಗ ಮೊಟ್ಟೆ ಇಡುವುದು ಎರಡು. ಅದರ ಸಿಪ್ಪೆಯೋ, ಬೆರಳು ತಾಗಿದರೆ ಒಳಗೆ ಹೋಗುತ್ತದೆ. ಒಂದು ಮೊಟ್ಟೆಯಂತೂ ಸಿಪ್ಪೆಯೇ ಇಲ್ಲದೆ ಬರೀ ಪೊರೆಯಲ್ಲಿ ಬಂತು. ಗಿಡ್ಡಿ ಮೊನ್ನೆ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಬಾಲ ಇಳಿಬಿಟ್ಟುಕೊಂಡು ತಿಣುಕುತ್ತಾ ನಿಂತಿದ್ದಳು. ಮೊಟ್ಟೆ ಒಳಗೇ ಸಿಕ್ಕಿಕೊಂಡಿತ್ತು. ಬೆಚ್ಚನೆ ನೀರಿನ ಟಬ್ಬಿನಲ್ಲಿ ಅವಳನ್ನು ಕೂರಿಸಿ, ಹಿಡಿದುಕೊಂಡು ಅರ್ಧ ಗಂಟೆ ನಾನೂ ಕೂತೆ. ಪ್ಯಾಂಟಿನ ಅಂಚು ಹೊಲಿಯಲು ಕೊಟ್ಟಿದ್ದ ಗಿರಾಕಿ ಬಂದು ಬೈದು ಹೋದ. ಕೊನೆಗೆ ಹಾಕಿದಳು ಮಹರಾಯಿತಿ. ಇಬ್ಬರೂ ಸುಸ್ತು.

ಎಲ್ಲಕ್ಕಿಂತ ದೊಡ್ಡ ರಗಳೆ ಹೆಡ್‌ಮಿಸ್ಸಿನದು. ಆ ದಪ್ಪ ಕಂದು ಹೇಂಟೆಗೆ ಆ ಹೆಸರಿಟ್ಟವಳು ನೀನೇ, ಅನುಭವಿಸುವವಳು ನಾನು. ನಾಲ್ಕು ದಿನದಿಂದ ಕಾವಿಗೆ ಕೂತಿದ್ದಾಳೆ. ಕೆಳಗೆ ಮೊಟ್ಟೆ ಇಲ್ಲ, ಮಣ್ಣಿಲ್ಲ. ನನ್ನ ಎರಡು ನೂಲುಂಡೆ, ಒಂದು ಸುಟ್ಟ ಬಲ್ಬು, ಅವುಗಳ ಮೇಲೆ ಕೂತು ಹತ್ತಿರ ಹೋದವರಿಗೆಲ್ಲ ಮೈಯುಬ್ಬಿಸಿ ಬೈಯುತ್ತಾಳೆ.

ನನ್ನ ಮಗನಿಗೆ ಈ ಗೂಡು ಕಣ್ಣಿಗೆ ಬಿದ್ದ ಧೂಳು. ಅವನ ಡ್ರೈವಿಂಗ್ ಸ್ಕೂಲಿಗೆ ಎರಡನೇ ಕಾರು ಬಂದಿದೆ, ಹಿತ್ತಲಲ್ಲಿ ನಿಲ್ಲಿಸಬೇಕು. "ನನ್ನನ್ನ ಒಂದು ಮಾತು ಕೇಳಿದ್ಯೇನೋ?" ಅಂದರೆ, "ಕೋಳೀನ ಕೇಳಿ ಮಸಾಲೆ ಅರೀತಾರೇನಮ್ಮಾ?" ಅಂದ. ಜುಲೈ ಒಂಬತ್ತು, ಭಾನುವಾರ, ಒಬ್ಬ ಹುಡುಗಿ ಅಣ್ಣ ಅತ್ತಿಗೆಯ ಜೊತೆ ನಮ್ಮಲ್ಲಿಗೆ ಊಟಕ್ಕೆ ಬರುತ್ತಾಳೆ. ಅವನಿಗೆ ನೋಡಿದ ಎರಡನೇ ಸಂಬಂಧ. ಅಷ್ಟರೊಳಗೆ ಹಿತ್ತಲು ಚೊಕ್ಕಟವಾಗಬೇಕಂತೆ.

ಇದನ್ನು ನಿನಗೆ ಹೇಳಬಾರದಿತ್ತೋ ಏನೋ. ಹೇಳಿಯಾಯಿತು. ಫೋನ್ ನಂಬರು ಬದಲಿಸಿದ್ದೀಯ, ವಿಳಾಸವನ್ನು ಕೋಳಿ ಮೇವಿನ ಅಂಗಡಿಯವನಿಂದ ಕಿತ್ತುಕೊಂಡೆ. ಅವನ ಮೇಲೆ ಸಿಟ್ಟಾಗಬೇಡ, ಕತ್ತರಿ ತೋರಿಸಿದ್ದೆ. ಹೆಡ್‌ಮಿಸ್ಸನ್ನು ಎಬ್ಬಿಸುವುದು ಹೇಗೆ, ಬರಿ.

ಹಳೇ ಅತ್ತೆ


ಜೂನ್ 6

ನಮಸ್ಕಾರ.

ಮೊದಲು ಗೂಡು ನೋಡಿ. ಅದರ ಮೇಲೆ ತಗಡು ಹೊದಿಸಿ ಕತ್ತಲು ಮಾಡಿದ್ದರೆ ತೆಗೆಸಿ. ಬೆಳಕು ಕಡಿಮೆಯಾದರೆ ಕೋಳಿ ಮೊಟ್ಟೆ ನಿಲ್ಲಿಸುತ್ತದೆ. ಕೋಳಿ ಕೂರುವ ಕೋಲಿನ ತುದಿ, ಸಂದು, ಮೂಲೆ, ಎಲ್ಲ ಕಡೆ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಕೆಂಪು ಕಲೆ ಹತ್ತಿದರೆ ಅದು ಹೇನು. ಅವು ರಕ್ತ ಹೀರುತ್ತಿರುವಾಗ ಯಾವ ಕೋಳಿಯೂ ಮೊಟ್ಟೆ ಇಡುವುದಿಲ್ಲ. ಕುದಿಯುವ ನೀರು ಹುಯ್ದು ತೊಳೆದು ಬಿಸಿಲಿಗೆ ಬಿಡಿ. ಸಿಪ್ಪೆ ತೆಳುವಾಗಿರುವುದು ಸುಣ್ಣದಂಶ ಸಾಲದೆ. ಯಾರೋ ಬ್ರೆಡ್ಡಿನ ಚೂರು ಹಾಕಿ ಹೊಟ್ಟೆ ತುಂಬಿಸುತ್ತಿದ್ದಾರೆ, ಯಾರೆಂದು ನನಗೆ ಗೊತ್ತು. ನಿಲ್ಲಿಸಿ. ಮೇವಿನ ಅಂಗಡಿಯಲ್ಲಿ ಕಪ್ಪೆಚಿಪ್ಪಿನ ಪುಡಿ ಸಿಗುತ್ತದೆ, ಬೇರೆ ಬಟ್ಟಲಲ್ಲಿಡಿ, ಬೇಕಾದಷ್ಟು ಅವೇ ತಿನ್ನುತ್ತವೆ. ಗಿಡ್ಡಿಗೆ ನೀವು ಮಾಡಿದ್ದು ಸರಿ.

ಕಾವು ಬಿಡಿಸುವುದು ಹೀಗೆ: ಕೆಳಗೆ ಗಾಳಿಯಾಡುವ ತಂತಿಬುಡದ ಪಂಜರದಲ್ಲಿ ಮೂರು ನಾಲ್ಕು ದಿನ ಇಡಿ. ಹುಲ್ಲು ಹಾಕಬೇಡಿ. ನೀರು, ಕಾಳು ಇರಲಿ. ಹೊಟ್ಟೆಯ ಬಿಸಿ ಇಳಿದರೆ ಮನಸ್ಸೂ ಇಳಿಯುತ್ತದೆ. ತಣ್ಣೀರಿನಲ್ಲಿ ಅದ್ದುವವರಿದ್ದಾರೆ, ಅದು ಕೂಡದು.

ನಾನಿಲ್ಲಿ ಹ್ಯಾಚರಿಯಲ್ಲಿದ್ದೇನೆ. ಯಂತ್ರದಲ್ಲಿಟ್ಟು ಮರಿ ಮಾಡಿಸುವ ಜಾಗ. ಕತ್ತಲೆ ಕೋಣೆಯಲ್ಲಿ ಒಂದೊಂದೇ ಮೊಟ್ಟೆಯ ಹಿಂದೆ ಬೆಳಕು ಹಿಡಿದು, ಒಳಗೆ ಜೀವ ಹಿಡಿದಿದೆಯೋ ಇಲ್ಲವೋ ನೋಡುವುದು ನನ್ನ ಕೆಲಸ. ಚೆನ್ನಾಗಿ ಮಾಡುತ್ತೇನೆ.

ಇದು ಕೋಳಿಗಳಿಗಾಗಿ ಬರೆದ ಕಾಗದ. ಆ ಮನೆಗೆ ಯಾರು ಊಟಕ್ಕೆ ಬರುತ್ತಾರೆ ಅನ್ನುವ ಸುದ್ದಿ ನನಗೆ ಬೇಡ.

ಆ ಹುಡುಗಿ ಏನು ಕೆಲಸ ಮಾಡುತ್ತಾಳೆ?


ಜೂನ್ 10

ಸುದ್ದಿ ಬೇಡ ಅಂದವಳು ಕೊನೆಯಲ್ಲಿ ಬಾಲ ಬಿಟ್ಟಿದ್ದೀಯಲ್ಲ! ಬಸ್ ಕಂಡಕ್ಟರ್ ಅವಳು. ಗಟ್ಟಿ ಹುಡುಗಿಯಂತೆ, ಕುಡುಕರನ್ನು ಕೊರಳಪಟ್ಟಿ ಹಿಡಿದು ಇಳಿಸುತ್ತಾಳಂತೆ. ಯಾಕೆ, ಹೊಟ್ಟೆಕಿಚ್ಚೇ? ಬಿಟ್ಟುಹೋದವಳು ನೀನು. ಒಂದು ಮಾತೂ ಆಡದೆ, ಬೆಳಗ್ಗೆ ಚೀಲ ತಗೊಂಡು ಹೊರಟವಳು. ಈಗ ಕಿಚ್ಚುಪಟ್ಟರೆ ಏನು ಬಂತು.

ಹೇನು ಇತ್ತು. ಬಿಳಿ ಬಟ್ಟೆ ಕೆಂಪಾಯಿತು. ಕುದಿನೀರು ಹುಯ್ದು ತೊಳೆದು, ತಗಡು ಕಿತ್ತು, ಚಿಪ್ಪಿನ ಪುಡಿ ತಂದಿಟ್ಟೆ. ನಿನ್ನೆಯಿಂದ ಮೂರು ಕೋಳಿ ಮೊಟ್ಟೆ ಇಡುತ್ತಿವೆ. ನಿನ್ನ ಕೈಗುಣ ಅಂತ ಅನ್ನುವುದಿಲ್ಲ, ಚಿಪ್ಪಿನ ಗುಣ.

ಆದರೆ ಹೆಡ್‌ಮಿಸ್ಸನ್ನು ಪಂಜರಕ್ಕೆ ಹಾಕಲಾರೆ. ನಿನ್ನ ಕಾಗದ ಬರುವ ಮೊದಲೇ ನನ್ನ ಪುಣ್ಯಾತ್ಮ ಮಗ ಅವಳನ್ನು ಎತ್ತಿ ತಣ್ಣೀರಿನ ಡ್ರಮ್ಮಿನಲ್ಲಿ ಅದ್ದಿದ. ಒಂದು ಸಲವಲ್ಲ, ಮೂರು ಸಲ. ಅವಳು ನೀರು ಝಾಡಿಸಿಕೊಂಡು ಅವನ ಹೆಬ್ಬೆರಳು ಕಚ್ಚಿ ರಕ್ತ ಬರಿಸಿ, ತೊಟ್ಟಿಕ್ಕುತ್ತಾ ನಡೆದುಹೋಗಿ ಮತ್ತೆ ಬಲ್ಬಿನ ಮೇಲೆ ಕೂತಳು. ನೋಡುತ್ತಾ ನಿಂತ ನನಗೇನಾಯಿತೋ, "ಭಲೇ!" ಅಂದುಬಿಟ್ಟೆ. ಅವನು ನನ್ನ ಮುಖ ನೋಡಿದ.

ಅವಳು ಏಳುವುದಿಲ್ಲ, ನಾನು ಎಬ್ಬಿಸುವುದೂ ಇಲ್ಲ. ಬಲ್ಬಿನಿಂದ ಮರಿ ಬರುವುದಿಲ್ಲ, ನಮ್ಮ ಹಿತ್ತಲಿನ ಮೊಟ್ಟೆಯಿಂದ ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ನಿನ್ನ ಹ್ಯಾಚರಿಯಿಂದ ನಾಲ್ಕು ಒಳ್ಳೆ ಮೊಟ್ಟೆ ಕಳಿಸು. ಮರಿ ಓಡಾಡುವ ಗೂಡನ್ನು ಹೇಗೆ ಕೀಳುತ್ತಾನೆ, ನೋಡಿಯೇಬಿಡುತ್ತೇನೆ.

ಇನ್ನೊಂದು ಮಾತು, ಬೇರೆಯವರಿಂದ ಕೇಳುವುದಕ್ಕಿಂತ ನನ್ನಿಂದಲೇ ಕೇಳು. 'ಮೊದಲನೆಯವಳಿಗೆ ಮಕ್ಕಳಾಗುವಂತಿರಲಿಲ್ಲ, ಅದಕ್ಕೇ ಬಿಟ್ಟಿದ್ದು' ಅಂತ ಹುಡುಗಿಯ ಅಣ್ಣನಿಗೆ ಇವನು ಹೇಳಿದ್ದಾನೆ. ಕೇಳಿ ನನಗೂ ಒಂಥರಾ ಆಯಿತು. ಆದರೂ, ಅದರಲ್ಲಿ ಸುಳ್ಳೇನಿದೆ?

ಹಳೇ ಅತ್ತೆ


ಜೂನ್ 13

ನಮಸ್ಕಾರ.

ಮೇವಿನ ಅಂಗಡಿಯವರ ವ್ಯಾನಿನಲ್ಲಿ ಹನ್ನೊಂದು ಮೊಟ್ಟೆ ಕಳಿಸಿದ್ದೇನೆ. ಹೊಟ್ಟಿನಲ್ಲಿಟ್ಟಿದ್ದೇನೆ, ಅಲುಗಾಡಿಸದೆ ಇಳಿಸಿಕೊಳ್ಳಿ. ಅರ್ಧ ದಿನ ಹಾಗೇ ಇಟ್ಟು, ಸಂಜೆ ಹೆಡ್‌ಮಿಸ್ಸಿನ ಕೆಳಗೆ ಒಂದೊಂದಾಗಿ ಸರಿಸಿ. ಬಲ್ಬು ತೆಗೆಯಿರಿ.

ಎಲ್ಲದಕ್ಕೂ ಗುರುತು ಹಾಕಿ. ಬೇರೆ ಕೋಳಿಗಳು ಅದೇ ಗೂಡಿಗೆ ನುಗ್ಗಿ ತಮ್ಮ ಮೊಟ್ಟೆಯನ್ನೂ ಇಟ್ಟುಹೋಗುತ್ತವೆ. ದಿನಾ ನೋಡಿ, ಗುರುತಿಲ್ಲದ್ದನ್ನು ತೆಗೆದುಬಿಡಿ. ದಿನಕ್ಕೊಮ್ಮೆ ಅವಳನ್ನು ಎಬ್ಬಿಸಿ ಕಾಳು ನೀರು ಕೊಡಿ, ಇಲ್ಲದಿದ್ದರೆ ಕೂತಲ್ಲೇ ಒಣಗುತ್ತಾಳೆ. ಏಳನೇ ದಿನ ಟಾರ್ಚ್ ಹಿಡಿದು ನೋಡಿ. ಒಳಗೆ ಜೇಡರ ಬಲೆಯಂತೆ ಕೆಂಪು ನರ ಕಂಡರೆ ಜೀವ ಇದೆ. ಏನೂ ಕಾಣದೆ ತಿಳಿಯಾಗಿದ್ದರೆ ಇಲ್ಲ.

'ಅದರಲ್ಲಿ ಸುಳ್ಳೇನಿದೆ' ಅಂತ ಕೇಳಿದ್ದೀರಿ. ಆ ಸಾಲನ್ನು ಮೂರು ಸಲ ಓದಿದೆ. ಎರಡು ಹಾಳೆ ಉತ್ತರ ಬರೆದು ಹರಿದೆ.

ಇನ್ನು ಮುಂದೆ ಕೋಳಿಯ ಸುದ್ದಿ ಮಾತ್ರ ಬರೆಯಿರಿ.


ಜೂನ್ 22

ಕೋಳಿಯ ಸುದ್ದಿ ಮಾತ್ರ, ಆಗಲಿ.

ನಿನ್ನ ಅಪ್ಪಣೆಯಂತೆ ಎಲ್ಲ ಮಾಡಿದೆ. ಹನ್ನೊಂದಕ್ಕೂ ನನ್ನ ನೀಲಿ ಟೈಲರ್ ಚಾಕಿನಿಂದ ದೊಡ್ಡದಾಗಿ ಗುಣಾಕಾರದ ಚಿಹ್ನೆ ಹಾಕಿದೆ. ದಿನಾ ಬೆಳಗ್ಗೆ ಹೆಡ್‌ಮಿಸ್ಸನ್ನು ಎತ್ತಿ, ಗುರುತಿಲ್ಲದ್ದನ್ನು ತೆಗೆದು ಆಮ್ಲೆಟ್ ಮಾಡಿದೆ. ಅವನು ಚಪ್ಪರಿಸಿ ತಿಂದ, 'ಈಗೀಗ ಮೊಟ್ಟೆಗೆ ರುಚಿ ಬಂದಿದೆ' ಅಂದ. ನಾಲ್ಕನೇ ದಿನಕ್ಕೆ ಯಾವುದರ ಮೇಲೂ ಗುರುತು ಕಾಣಲಿಲ್ಲ. ಎಣಿಸಿದೆ, ಸರಿಯಾಗಿ ಹನ್ನೊಂದಿದ್ದವು, ಹಾಗೇ ಬಿಟ್ಟು, ಬೇರೆ ಕೋಳಿ ನುಗ್ಗದಂತೆ ಅವಳ ಮೂಲೆಗೆ ಹಲಗೆ ಅಡ್ಡ ಇಟ್ಟೆ. ಹೆಡ್‌ಮಿಸ್ಸಿನ ಹೊಟ್ಟೆ ಮಾತ್ರ ಅದೇಕೋ ನೀಲಿಯಾಗಿದೆ. ಇದೇನು ರೋಗವೋ, ಬರಿ.

ನಿನ್ನೆ ಏಳನೇ ದಿನ. ಕತ್ತಲೆ ಬೇಕಲ್ಲ, ಹಾಡುಹಗಲಲ್ಲಿ ಕಂಬಳಿ ಹೊದ್ದು, ಒಳಗೆ ಮೊಟ್ಟೆ ಬುಟ್ಟಿ ಟಾರ್ಚ್ ಇಟ್ಟುಕೊಂಡು ಕೂತೆ. ಅವನು ಬಂದು ನೋಡಿ ನನಗೆ ಬುದ್ಧಿ ಕೆಟ್ಟಿತೆಂದು ಹೌಹಾರಿದ. "ಕಾವಿಗೆ ಕೂತಿದ್ದೀನಿ, ಹೋಗೋ ಅತ್ಲಾಗೆ" ಅಂದೆ.

ಒಳಗಿನ ಕೆಂಪು ನರ ನೋಡಿ ಟಾರ್ಚನ್ನು ಇನ್ನೂ ಹತ್ತಿರ ಹಿಡಿದೆ. ಒಂದರಲ್ಲಿ ಕರೀ ಚುಕ್ಕೆ, ಅದು ಮಿಸುಕಿತು. ಆರು ಮೊಟ್ಟೆ ಹಾಗಿದ್ದವು. ಉಳಿದ ಐದರಲ್ಲಿ ಏನೂ ಇಲ್ಲ, ತಿಳಿನೀರು. ನಿನ್ನ ಹ್ಯಾಚರಿಯವರಿಗೆ ಹೇಳು, ನೀನು ಕಳಿಸಿದ ಹನ್ನೊಂದರಲ್ಲಿ ಐದು ಗೊಡ್ಡು. ಬೆಳಕು ಹಿಡಿದು ನೋಡುವ ಕೆಲಸ ಚೆನ್ನಾಗಿ ಮಾಡುತ್ತೇನೆ ಅಂತ ನೀನೇ ಅಂದಿದ್ದೆ. ಗೊಡ್ಡನ್ನು ಗುರುತಿಸುವುದು ನಿನಗೇ ತಿಳಿಯದಿದ್ದರೆ ಹೇಗೆ?

ಹಳೇ ಅತ್ತೆ


ಜೂನ್ 25

ಗೊಡ್ಡು.

ಆ ಪದವನ್ನು ನೀವು ಎಷ್ಟು ಸಲೀಸಾಗಿ ಬರೆಯುತ್ತೀರಿ! ಆರು ವರ್ಷ ಆ ಬೀದಿಯಲ್ಲಿ ನನ್ನ ಬೆನ್ನ ಹಿಂದೆ ಆಡಿದ ಮಾತು ಅದು. ನೀರಿನ ನಲ್ಲಿಯ ಹತ್ತಿರ ಕೇಳಿದ್ದೇನೆ, ಅಂಗಡಿಯಲ್ಲಿ ಕೇಳಿದ್ದೇನೆ, ನಿಮ್ಮ ಹೊಲಿಗೆ ಯಂತ್ರದ ಪಕ್ಕ ಗಿರಾಕಿಗಳು ಪಿಸುಗುಟ್ಟಿದಾಗ ಕೇಳಿದ್ದೇನೆ. ಈಗ ಕಾಗದದಲ್ಲೂ ಓದಬೇಕು. ನಾನು ಕಳಿಸಿದ್ದು ಗೊಡ್ಡಂತೆ!

ಸರಿಯಾಗಿ ಕೇಳಿಸಿಕೊಳ್ಳಿ. ಹೆಡ್‌ಮಿಸ್ಸಿಗೆ ರೋಗವಿಲ್ಲ, ಅವಳ ಹೊಟ್ಟೆಗೆ ಹತ್ತಿರುವುದು ನಿಮ್ಮ ಟೈಲರ್ ಚಾಕ್. ಮೊಟ್ಟೆಯ ಮೇಲೆ ಚಾಕಿನ ಗುರುತು ಹಾಕುವವರು ಯಾರಾದರೂ ಇದ್ದಾರೆಯೇ? ಇಸ್ತ್ರಿಗೆ ಮೊದಲು ಕೊಡವಿದರೆ ಹೋಗುವ ಚಾಕ್, ಕೋಳಿ ಕೂತು ಉಜ್ಜಿದರೆ ನಿಲ್ಲುತ್ತದೆಯೇ? ಗುರುತು ಅಳಿಸಿದ್ದು ನನ್ನ ಮೊಟ್ಟೆಗಳದ್ದು. ನೀವು ದಿನಾ ತೆಗೆದು ಆಮ್ಲೆಟ್ ಮಾಡಿದ್ದು ಅವನ್ನೇ. ಜೀವ ಹಿಡಿಯಬೇಕಿದ್ದ ಐದನ್ನು ನಿಮ್ಮ ಮಗ ಚಪ್ಪರಿಸಿ ತಿಂದಿದ್ದಾರೆ. ಅವುಗಳ ಜಾಗದಲ್ಲಿ ಉಳಿದ ಐದು ನಿಮ್ಮ ಹಿತ್ತಲಿನವು.

ನನ್ನದು ಒಂದೂ ಗೊಡ್ಡಲ್ಲ. ಗೊಡ್ಡು ನಿಮ್ಮ ಮನೆಯದು. ಹುಂಜ ಇಲ್ಲದ ಮನೆಯಲ್ಲಿ ಹೇಂಟೆ ಇಡುವ ಮೊಟ್ಟೆಗೆ ಇಪ್ಪತ್ತೊಂದು ದಿನವಲ್ಲ, ಆರು ವರ್ಷ ಕಾವು ಕೊಟ್ಟರೂ ಮರಿ ಬರುವುದಿಲ್ಲ. ಅದು ಹೇಂಟೆಯ ತಪ್ಪಲ್ಲ. ಇಷ್ಟು ತಿಳಿಯಲು ಹ್ಯಾಚರಿಗೆ ಬರಬೇಕಿಲ್ಲ.

ಉಳಿದ ಆರನ್ನಾದರೂ ಪೆನ್ಸಿಲಿನಲ್ಲಿ ಗುರುತು ಮಾಡಿ. ಆ ಐದನ್ನು ತೆಗೆದುಹಾಕಿ, ಕೊಳೆತರೆ ಒಡೆದು ನಾರುತ್ತವೆ.


ಜೂನ್ 29

ನಿನ್ನ ಕಾಗದ ಓದಿ ಮೊದಲು ನಕ್ಕೆ. ಚಾಕಿನ ವಿಷಯಕ್ಕೆ. ಮೂವತ್ತು ವರ್ಷ ಬಟ್ಟೆಗೆ ಗುರುತು ಹಾಕಿದ ಕೈ, ಮೊಟ್ಟೆಗೂ ಅದನ್ನೇ ಹಾಕಿತು. ಪೆದ್ದಿ ನಾನು. ಆರಕ್ಕೆ ಪೆನ್ಸಿಲ್ ಗುರುತು ಹಾಕಿದ್ದೇನೆ, ಐದನ್ನು ಹೂತಿದ್ದೇನೆ.

ಆಮೇಲೆ ಯೂನಿಫಾರ್ಮಿನ ಚಡ್ಡಿಗಳು ಇದ್ದವು, ಹೊಲಿಯಲು ಕೂತೆ. ಮೊದಲ ಚಡ್ಡಿ ಮುಗಿಯಿತು. ಎರಡನೆಯದರ ಅರ್ಧದಲ್ಲಿ ಕಾಲು ನಿಂತುಹೋಯಿತು. 'ಹುಂಜ ಇಲ್ಲದ ಮನೆ' ಅಂದಿದ್ದೀಯ. 'ಆರು ವರ್ಷ' ಅಂದಿದ್ದೀಯ. ಕೋಳಿಗೆ ಯಾರೂ ಆರು ವರ್ಷದ ಲೆಕ್ಕ ಹೇಳುವುದಿಲ್ಲ.

ಮೂರು ದಿನದಿಂದ ಯೋಚಿಸುತ್ತಿದ್ದೇನೆ. ಮದುವೆಯಾದ ಮೊದಲ ವರ್ಷವೆಲ್ಲ ನಿನ್ನನ್ನು ಒಬ್ಬ ಡಾಕ್ಟರಿಂದ ಇನ್ನೊಬ್ಬ ಡಾಕ್ಟರಿಗೆ ಓಡಾಡಿಸಿದವಳು ನಾನು. ಅವನು ನಿನ್ನ ಜೊತೆ ಹೋದದ್ದು ಒಂದೇ ಸಲ. ಅವತ್ತು ಬಂದವನು ಊಟ ಮಾಡದೆ ಮಲಗಿದ. ಅದಾದ ಮೇಲೆ ನೀನು ಯಾವ ಡಾಕ್ಟರ ಹತ್ತಿರವೂ ಹೋಗಲೊಲ್ಲೆ ಅಂದೆ. ನಾನು ನಿನ್ನನ್ನು ಹಟಮಾರಿ ಅಂದೆ. ಮಕ್ಕಳ ಆಸೆಯೇ ಇಲ್ಲದ ಹೆಣ್ಣು ಅಂತ ಗಿರಾಕಿಗಳ ಮುಂದೆಯೂ ಆಡಿಕೊಂಡೆ.

ಸುತ್ತಿ ಬಳಸಿ ಕೇಳುವುದಿಲ್ಲ. ಅವತ್ತು ಡಾಕ್ಟರು ಏನು ಹೇಳಿದರು? ಊಟಕ್ಕೆ ಇನ್ನು ಹತ್ತು ದಿನವಿದೆ. ಇನ್ನೊಬ್ಬಳು ಈ ಮನೆಗೆ ಕಾಲಿಡುವ ಮೊದಲು ನನಗೆ ತಿಳಿಯಬೇಕು. ಇದಕ್ಕೂ ಎರಡು ಹಾಳೆ ಬರೆದು ಹರಿದರೆ ನಾನೇ ಬಸ್ಸು ಹತ್ತಿ ಬರುತ್ತೇನೆ.


ಜುಲೈ 4

ನಾಲ್ಕು ದಿನ ನಿಮ್ಮ ಕಾಗದವನ್ನು ಕೆಲಸದ ಕೋಟಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ.

ನಮ್ಮಿಬ್ಬರನ್ನೂ ಪರೀಕ್ಷೆ ಮಾಡಿದ್ದರು. ನನ್ನದೆಲ್ಲ ಸರಿಯಿತ್ತು. ನಿಮ್ಮ ಮಗನದ್ದಲ್ಲ. ಆಗುವುದಿಲ್ಲ ಅಂತ ಡಾಕ್ಟರು ಸ್ಪಷ್ಟವಾಗಿ ಹೇಳಿದರು. ಹೊರಗೆ ಬಂದು ಕಾರಿನಲ್ಲಿ ಕೂತು ಅವರು ಅತ್ತರು. ದಾರಿ ತಪ್ಪಿ ಹೋಗುವವರಿಗೂ ಸ್ಟೀರಿಂಗ್ ಹಿಡಿಯಲು ಕಲಿಸುವ ಮನುಷ್ಯ, ಕೀಲಿ ತಿರುಗಿಸಲಾರದೆ ಅತ್ತರು. 'ಯಾರಿಗೂ ಹೇಳಬೇಡ, ಅಮ್ಮನಿಗಂತೂ ಬೇಡ' ಅಂದರು. ಮಾತು ಕೊಟ್ಟೆ. ನನಗೆ ಅವರ ಮೇಲೆ ಪ್ರೀತಿಯಿತ್ತು. ಮಕ್ಕಳಿಲ್ಲದೆಯೂ ಬದುಕಬಹುದು ಅನ್ನಿಸಿತ್ತು. ಬೀದಿ ನನ್ನನ್ನು ಏನು ಬೇಕಾದರೂ ಅಂದುಕೊಳ್ಳಲಿ, ನಮ್ಮಿಬ್ಬರಿಗೆ ನಿಜ ಗೊತ್ತಲ್ಲ ಅಂತ ಹಲ್ಲು ಕಚ್ಚಿಕೊಂಡಿದ್ದೆ.

ಹೊರಟದ್ದು ಯಾಕೆಂದು ನೀವು ಒಮ್ಮೆಯೂ ಕೇಳಲಿಲ್ಲ. ಹಿಂದಿನ ದಿನ ಅವರ ಮೂವರು ಸ್ನೇಹಿತರು ಊಟಕ್ಕೆ ಬಂದಿದ್ದರು, ನೆನಪಿದೆಯಾ? ನಾನು ಇನ್ನೊಂದು ಸಲ ಬಡಿಸಿಕೊಂಡೆ. ನಿಮ್ಮ ಮಗ ಎಲ್ಲರ ಎದುರು, "ಕಾಳು ತಿನ್ನೋಕೆ ಮುಂದು, ಮೊಟ್ಟೆ ಇಡೋಕೆ ಹಿಂದು" ಅಂದರು. ಮೂವರೂ ನಕ್ಕರು. ಅವರು ಅಂದದ್ದು ಸುಡಲಿಲ್ಲ ಅಂತಲ್ಲ, ಸುಟ್ಟಿತು. ಆದರೆ ನಾನು ತಿರುಗಿ ನೋಡಿದ್ದು ನಿಮ್ಮ ಕಡೆ. ನೀವೂ ನಗುತ್ತಿದ್ದಿರಿ.

ಆ ಹುಡುಗಿ ಏನು ಕೆಲಸ ಮಾಡುತ್ತಾಳೆ ಅಂತ ಕೇಳಿದ್ದಕ್ಕೆ ಹೊಟ್ಟೆಕಿಚ್ಚೇ ಅಂದಿರಿ. ಅವಳಿಗೆ ತನ್ನದೊಂದು ಸಂಬಳ, ತನ್ನದೊಂದು ದಾರಿ ಇದೆಯೋ ಇಲ್ಲವೋ ಅಂತ ತಿಳಿದುಕೊಳ್ಳಲು ಕೇಳಿದೆ. ನನ್ನ ಗೂಡಿಗೆ ಅವಳನ್ನು ತಂದು ಕೂರಿಸುತ್ತಾರೆ, ಆಮೇಲೆ ಬೀದಿ ಅವಳನ್ನೂ ಅದೇ ಹೆಸರಿನಿಂದ ಕರೆಯುತ್ತದೆ. ನಾನೇ ಹೋಗಿ ಹೇಳಿದರೆ ಬಿಟ್ಟುಹೋದವಳ ಹೊಟ್ಟೆಯುರಿ ಅನ್ನುತ್ತಾರೆ. ಕೊಟ್ಟ ಮಾತನ್ನು ಇವತ್ತು ನಿಮಗೆ ಬರೆದು ಮುರಿದಿದ್ದೇನೆ. ಇದಕ್ಕಿಂತ ಮುಂದೆ ಹೋಗಲು ನನ್ನಿಂದಾಗದು.


ಜುಲೈ 11

ಮೊದಲು ಕೋಳಿಯ ಸುದ್ದಿ. ಆರರಲ್ಲಿ ನಾಲ್ಕು ಮರಿಯಾದವು. ಒಂದು ಸಿಪ್ಪೆಯೊಳಗೇ ಸತ್ತಿತು, ಒಂದು ಒಡೆಯಲೇ ಇಲ್ಲ. ಹೆಡ್‌ಮಿಸ್ಸು ಈಗ ಹಿತ್ತಲಲ್ಲಿ ಮೆರವಣಿಗೆ ಹೊರಟಿದ್ದಾಳೆ, ಬೆಕ್ಕು ಕಾಂಪೌಂಡ್ ಹತ್ತಿ ಕೂತಿದೆ, ಇಳಿಯುವ ಧೈರ್ಯವಿಲ್ಲ.

ಈಗ ಇನ್ನೊಂದು.

ಶುಕ್ರವಾರ ನಿನ್ನ ಕಾಗದ ಬಂತು. ಅವನನ್ನು ಎದುರು ಕೂರಿಸಿಕೊಂಡು, "ನಿನಗೂ ಡಾಕ್ಟರಿಗೂ ಗೊತ್ತಿರೋದು ನನಗೂ ಗೊತ್ತಾಯ್ತು" ಅಂದೆ. ಮುಖ ಬಿಳಚಿಕೊಂಡಿತು. ಮಗನಲ್ಲವೇ, ಅವನ ಕೈ ಹಿಡಿದುಕೊಂಡೆ. "ಇದು ಕಾಯಿಲೆನೂ ಅಲ್ಲ, ಪಾಪನೂ ಅಲ್ಲ ಕಣೋ. ನಾಚಿಕೆ ಪಡೋದಿದ್ರೆ ಸುಳ್ಳಿಗೆ ಪಡು. ಭಾನುವಾರ ಆ ಹುಡುಗಿಗೆ ನೀನೇ ಹೇಳು" ಅಂದೆ. "ನೀನು ನನ್ನ ತಾಯೋ, ಅವಳ ತಾಯೋ?" ಅಂತ ಕಿರುಚಿದ. ಬಾಗಿಲು ಬಡಿದು ಹೋದ. ನಾನು ಅಡುಗೆಮನೆಯಲ್ಲಿ ಕೂತು ಅತ್ತೆ. ನಿನಗೆ ಹೇಳಲು ನಾಚಿಕೆಯಿಲ್ಲ.

ಭಾನುವಾರ ಬಂದರು. ಹುಡುಗಿ ಕೈತೊಳೆದು ಬಂದು ನನ್ನ ಪಕ್ಕದಲ್ಲೇ ಕೂತಳು. ಅರ್ಧ ಊಟದಲ್ಲಿ ಅವಳ ಅತ್ತಿಗೆ, "ಮೊದಲಿನವರು ಯಾಕೆ ಹೋದ್ರು ಅಂತ ಇನ್ನೊಂದು ಸಲ ಕೇಳ್ತಿದ್ದೀವಿ, ತಪ್ಪು ತಿಳೀಬೇಡಿ" ಅಂದಳು. ಅವನು ತಲೆ ಎತ್ತದೆ, "ಆಗ್ಲೇ ಹೇಳಿದ್ನಲ್ಲ, ಅವಳಿಗೆ ಮಕ್ಕಳಾಗ್ತಿರ್ಲಿಲ್ಲ" ಅಂದ.

ನಾನು ಸೌಟು ಕೆಳಗಿಟ್ಟೆ. "ಸುಳ್ಳು" ಅಂದೆ. "ಅವಳಿಗೆ ಏನೂ ಆಗಿರ್ಲಿಲ್ಲ. ಮಕ್ಕಳಾಗದೆ ಇರೋದು ಇವನಿಗೆ. ಇವನ ಮಾನ ಕಾಯೋಕೆ ಅವಳು ಆರು ವರ್ಷ ಬೀದಿ ಬಾಯಿಗೆ ಬಿದ್ದಳು. ಇವನು ಅವಳನ್ನೇ ಆಡಿಕೊಂಡ. ನಾನೂ ಜೊತೆಗೆ ನಕ್ಕೆ." ಅವನು, "ಅಮ್ಮಾ, ಬಾಯ್ಮುಚ್ಚು. ಮಾತು ಕೊಟ್ಟಿದ್ಲು ಅವ್ಳು!" ಅಂದ. ಅಲ್ಲಿಗೆ ಸಾಕ್ಷಿಯೂ ಸಿಕ್ಕಿತು. "ಮಾತು ಕೊಟ್ಟಿದ್ದು ಅವಳು. ನಾನು ಯಾರಿಗೂ ಕೊಟ್ಟಿಲ್ಲ" ಅಂದೆ.

ಆ ಹುಡುಗಿ ಎಲೆಯಲ್ಲಿದ್ದುದನ್ನು ತಿಂದು ಮುಗಿಸಿದಳು, ಬಿಡಲಿಲ್ಲ. ಆಮೇಲೆ ಅವನ ಕಡೆ ತಿರುಗಿ ಹೇಳಿದಳು: "ಮೊದಲೇ ಹೇಳಿದ್ರೆ ನಾನು ಹೂಂ ಅಂತಿದ್ನೋ ಏನೋ. ಮಕ್ಕಳೇ ಬೇಕು ಅಂತೇನೂ ನನಗಿಲ್ಲ. ಬಸ್ಸಲ್ಲಿ ಟಿಕೆಟ್‌ಗೆ ದುಡ್ಡಿಲ್ಲ ಅನ್ನೋರನ್ನ ಎಷ್ಟೋ ಸಲ ಕರ್ಕೊಂಡು ಹೋಗಿದ್ದೀನಿ. ಟಿಕೆಟ್ ಪಕ್ಕದೋರ ಹತ್ರ ಇದೆ ಅಂತ ಸುಳ್ಳು ಹೇಳೋರನ್ನ ಮಾತ್ರ ಇಳಿಸ್ತೀನಿ." ಎದ್ದಳು. ಹೋಗುವಾಗ ಹಿತ್ತಲಿಗೆ ಹೋಗಿ ಮರಿಗಳನ್ನು ನೋಡಿ ಹೋದಳು.

ಸೋಮವಾರ ಅವನು ಗೂಡು ಕೀಳಲು ಆಳು ಕರೆತಂದ. ನಾನು ಹೊಲಿಗೆ ಯಂತ್ರವನ್ನು ಗೂಡಿನ ಬಾಗಿಲಿಗೆ ಅಡ್ಡ ಹಾಕಿಕೊಂಡು, ಟೇಪು ಕೊರಳಿಗೆ ಹಾಕಿಕೊಂಡು ಕೂತೆ. ಇವತ್ತೂ ಇಲ್ಲೇ ಕೂತು ಬರೆಯುತ್ತಿದ್ದೇನೆ. ಕಾರು ಬೀದಿಯಲ್ಲಿ ನಿಂತಿದೆ. ಅವನು ಮಾತು ಬಿಟ್ಟಿದ್ದಾನೆ, ಹೋಟೆಲಿನಲ್ಲಿ ತಿನ್ನುತ್ತಾನೆ. ಹೆತ್ತ ಮಗನ ಮಾನ ಕಳೆದ ಹೆಂಗಸು ಅಂತ ನೆಂಟರು ಫೋನಿನ ಮೇಲೆ ಫೋನು ಮಾಡುತ್ತಿದ್ದಾರೆ. ಅನ್ನಲಿ. ಹೊಲಿದದ್ದು ಓರೆಯಾದರೆ ಬಿಚ್ಚಬೇಕು, ಗಿರಾಕಿ ಬೈದರೂ ಸರಿ.

ನಕ್ಕೆ. ನಿಜ. ಅವತ್ತು ನಿನ್ನ ಮುಖ ಕಂಡೂ ನಕ್ಕೆ. ನನ್ನ ಮನೆಯಲ್ಲಿ ಅತಿಥಿಗಳ ಮುಂದೆ ಮಗನ ಮಾತು ಬಿದ್ದುಹೋಗಬಾರದು ಅಂತ ನಕ್ಕೆ. ತಪ್ಪಾಯಿತು, ಕ್ಷಮಿಸು. ಬಾ ಅನ್ನುವ ಬಾಯಿ ನನಗಿಲ್ಲ. ಆದರೆ ಗಿಡ್ಡಿಯ ಮೊಟ್ಟೆಯ ಸಿಪ್ಪೆ ಮತ್ತೆ ತೆಳುವಾಗಿದೆ. ಯಾರಾದರೂ ತಿಳಿದವರು ಬಂದು ನೋಡಿದರೆ ಒಳ್ಳೆಯದಿತ್ತು.


ಜುಲೈ 15

ಅತ್ತೆ,

ದಿನಾ ಚಿಪ್ಪಿನ ಪುಡಿ ತಿನ್ನುವ ಕೋಳಿಯ ಸಿಪ್ಪೆ ತೆಳುವಾಗುವುದಿಲ್ಲ. ಸುಳ್ಳು ಹೇಳಲು ಇನ್ನೂ ಕಲಿಯಬೇಕು ನೀವು.

ನಿಮ್ಮ ಕಾಗದವನ್ನು ಕತ್ತಲೆ ಕೋಣೆಯಲ್ಲಿ, ಮೊಟ್ಟೆ ನೋಡುವ ದೀಪದಲ್ಲೇ ಓದಿದೆ. ಅಳು ಬಂತು, ತಟ್ಟೆ ತಪ್ಪಿ ಒಂದು ಸಾಲು ಮೊಟ್ಟೆ ಒಡೆಯಿತು, ಮೇಲ್ವಿಚಾರಕಿ ಬೈದಳು. ಬೈಸಿಕೊಂಡೆ. ಇಷ್ಟು ವರ್ಷದಲ್ಲಿ ನನ್ನ ಪರವಾಗಿ ಯಾರೋ ಸೌಟು ಕೆಳಗಿಟ್ಟರಲ್ಲ ಅಂತ ದಿನವಿಡೀ ಒಳಗೊಳಗೇ ಹಿಗ್ಗಿದೆ.

ಆದರೆ ಕ್ಷಮೆಯನ್ನು ಈಗಲೇ ಕೊಡುವುದಿಲ್ಲ. ಆ ಹುಡುಗಿಗೆ ನಿಜ ತಿಳಿಯಿತು, ಅವಳು ಪಾರಾದಳು. ಅವತ್ತು ನಕ್ಕ ಆ ಮೂವರು ಇನ್ನೂ ಅದೇ ನಗೆ ಹೊತ್ತುಕೊಂಡು ಓಡಾಡುತ್ತಿದ್ದಾರೆ. ಅವರ ಮನೆಗಳಲ್ಲಿ ನಾನಿನ್ನೂ ಗೊಡ್ಡು. ನಕ್ಕದ್ದು ಎಲ್ಲರ ಎದುರಿಗೆ, ಕ್ಷಮೆ ಕೇಳುವುದು ಮಾತ್ರ ಲಕೋಟೆಯೊಳಗೆ, ಇದು ಯಾವ ನ್ಯಾಯ?

ಇಪ್ಪತ್ಮೂರು ಭಾನುವಾರ ನನಗೆ ರಜೆ. ಹನ್ನೊಂದು ಗಂಟೆಗೆ ಬರುತ್ತೇನೆ. ನಿಮ್ಮ ಮಗ ಇದ್ದರೆ ಇರಲಿ, ನಾನು ಅವರಿಗಾಗಿ ಬರುತ್ತಿಲ್ಲ. ಆ ಮೂವರನ್ನೂ ಊಟಕ್ಕೆ ಕರೆಯಿರಿ. ಅವರು ಬರದಿದ್ದರೆ ನಾನು ಗಿಡ್ಡಿಯನ್ನು ನೋಡಿಕೊಂಡು, ನೀರೂ ಕುಡಿಯದೆ ವಾಪಸ್ ಹೋಗುತ್ತೇನೆ.


ಜುಲೈ 19

ಕಾರ್ಡಿನಲ್ಲಿ ಬರೆಯುತ್ತಿದ್ದೇನೆ, ಅಂಚೆಯವನೂ ಬೇಕಾದರೆ ಓದಿಕೊಳ್ಳಲಿ.

ಮೂವರನ್ನೂ ಕರೆದೆ. ಇಬ್ಬರು ಬರುತ್ತೇವೆ ಅಂದರು. ಮೂರನೆಯವನಿಗೆ ನನ್ನ ಮಗ ಮೊದಲೇ ಫೋನ್ ಮಾಡಿದ್ದನಂತೆ, ಅವತ್ತು ಬೇರೆ ಕೆಲಸವಿದೆ ಅಂದ. ಸರಿ, ನಿನ್ನೆ ಸಂಜೆ ನಾನೇ ಅವನ ಮನೆಗೆ ಹೋದೆ. ಹೆಂಡತಿ, ತಾಯಿ, ಪಕ್ಕದ ಮನೆಯವರು, ಎಲ್ಲರೂ ಜಗಲಿಯಲ್ಲಿ ಕೂತಿದ್ದರು. ನಿಂತುಕೊಂಡೇ ಹೇಳಿದೆ. ನೀನು ಯಾರು, ಏನು ಸಹಿಸಿದೆ, ನನ್ನ ಮಗ ಏನು ಮಾಡಿದ, ನಾನೇನು ಮಾಡಿದೆ, ಒಂದೂ ಬಿಡದೆ, ಕೊನೆಯ ಮನೆಗೂ ಕೇಳುವ ಹಾಗೆ.

ಯಾರೂ ನಗಲಿಲ್ಲ.